ಪಟ್ಟಿಯಲ್ಲಿ ಇಲ್ಲದ ತೋರಣ

ನನ್ನ ಮಗಳು ಜಿನಶ್ರೀಗೆ ಮೂವತ್ತಾರು ವರ್ಷ. ಇನ್ನೂ ಓದುತ್ತಿದ್ದಾಳೆ ಎಂದರೆ ತೀರ್ಥಹಳ್ಳಿಯಲ್ಲಿ ಜನ ಮೊದಲು ಅವಳ ಮುಖ ನೋಡುತ್ತಾರೆ, ಆಮೇಲೆ ನನ್ನ ಮುಖ. ಪಿಎಚ್.ಡಿ. ಮುಗಿಸಿ ಹೆಸರಿನ ಮುಂದೆ ಡಾಕ್ಟರ್ ಸೇರಿದ ವರ್ಷ ನಮ್ಮ ಬೀದಿಯ ಮೂವರು ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದಿದ್ದರು. ಈಗ ಅವಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪೋಸ್ಟ್‌ಡಾಕ್. ಅಂದರೆ ಡಾಕ್ಟರೇಟ್ ಆದಮೇಲಿನ ಸಂಶೋಧನೆ. "ಅದಾದ್ಮೇಲೆ ಎಂತ?" ಎಂದು ಕೇಳುವವರಿಗೆ ನಾನು ಇನ್ನೊಂದು ಲೋಟ ಕಾಫಿ ಕೊಡುತ್ತೇನೆ.

ಅವಳು ನೋಡುವುದು ಮಿದುಳಿನ ಆಸರೆ ಕೋಶಗಳನ್ನು. ಒಮ್ಮೆ ಅಡುಗೆಮನೆಯಲ್ಲಿ ನನಗೆ ಬಿಡಿಸಿ ಹೇಳಿದ್ದಳು. "ನರಕೋಶಗಳು ಮಾತಾಡ್ತವೆ ಅಮ್ಮ, ಎಲ್ರೂ ಅವನ್ನೇ ನೋಡೋದು. ಅವಕ್ಕೆ ಊಟ ಕೊಡೋದು, ಕಸ ತೆಗೆಯೋದು, ನೀರು ಹೆಚ್ಚು ಕಮ್ಮಿ ಆಗದ ಹಾಗೆ ನೋಡೋದು ಬೇರೆ ಕೋಶಗಳು. ಮರೆವಿನ ಕಾಯಿಲೆಯಲ್ಲಿ ಮೊದಲು ಕೆಡೋದು ಇವೇನಾ ಅಂತ ಹುಡುಕ್ತಿದ್ದೀವಿ. ಇವು ಸೊರಗಿದಾಗ ಒಂದು ಪ್ರೊಟೀನು ರಕ್ತಕ್ಕೆ ಸೋರುತ್ತೆ."

"ಹಂಗಂದ್ರೆ ನಮ್ಮ ಹೂವಮ್ಮ" ಎಂದೆ.

ಹೂವಮ್ಮ ಮೇಗರವಳ್ಳಿ ಕಡೆಯ ನನ್ನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಅವಳು ಮಗಳ ಬಾಣಂತನಕ್ಕೆಂದು ಮೂರು ದಿನ ರಜೆ ಹಾಕಿದಾಗ ಶಾಲೆಯಲ್ಲಿ ಅನ್ನ ಸೀದಿತ್ತು, ನಲ್ಲಿ ತೆರೆದೇ ಉಳಿದಿತ್ತು, ಒಂದನೇ ತರಗತಿಯ ಮಗುವೊಂದು ಶೌಚಾಲಯದ ಒಳಗಿಂದ ಚಿಲಕ ಹಾಕಿಕೊಂಡು ಒಂದು ಗಂಟೆ ಅತ್ತಿತ್ತು, ಗಂಟೆ ಹೊಡೆಯುವುದನ್ನು ಎಲ್ಲರೂ ಮರೆತು ಗಣಿತದ ಪಾಠ ಎರಡು ತಾಸು ನಡೆದಿತ್ತು. ಅವಳಿದ್ದಾಗ ಇದನ್ನೆಲ್ಲ ಅವಳು ಮಾಡುತ್ತಿದ್ದಾಳೆಂದು ಮುಖ್ಯೋಪಾಧ್ಯಾಯಿನಿಯಾದ ನನಗೇ ಗೊತ್ತಿರಲಿಲ್ಲ. ಜಿನಶ್ರೀ ನಕ್ಕು, "ಇದನ್ನ ನನ್ನ ಮುಂದಿನ ಭಾಷಣದಲ್ಲಿ ಹೇಳ್ತೀನಿ" ಎಂದಳು. ಹೇಳಿದಳೋ ಇಲ್ಲವೋ.

ಈ ವರ್ಷ ಮಾರ್ಚ್ ಇಪ್ಪತ್ತಕ್ಕೆ ಅವಳು ಊರಿಗೆ ಬಂದಾಗ ಕಾರಿನಲ್ಲಿ ಐಸ್ ಪೆಟ್ಟಿಗೆ ಇತ್ತು, ಪಕ್ಕದಲ್ಲಿ ರಕ್ತ ತೆಗೆಯುವ ತೃಪ್ತಿ ಎಂಬ ಹುಡುಗಿ ಇದ್ದಳು, ಮುಖದಲ್ಲಿ ನಿದ್ದೆ ಇರಲಿಲ್ಲ. ವಿಷಯ ಇಷ್ಟು. ಕಾಯಿಲೆ ಇದ್ದವರ ರಕ್ತ ಅವರ ಬಳಿ ಬೇಕಾದಷ್ಟಿದೆ. ಹೋಲಿಸಿ ನೋಡಲು ಕಾಯಿಲೆ ಇಲ್ಲದ, ಐವತ್ತೈದು ದಾಟಿದ ಮೂವತ್ತು ಹಳ್ಳಿ ಹೆಂಗಸರು ಬೇಕು; ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಿಂದ ಹತ್ತತ್ತು ಜನ. ಒಬ್ಬೊಬ್ಬರದೂ ರಕ್ತ, ಜೊತೆಗೆ ಒಂದು ನೆನಪಿನ ಪರೀಕ್ಷೆ. ಮಾರ್ಚ್ ಮೂವತ್ತೊಂದರೊಳಗೆ ಮೂವತ್ತೂ ಆಗದಿದ್ದರೆ ಅವಳ ಫೆಲೋಶಿಪ್ ಮುಂದುವರಿಯುವುದಿಲ್ಲ. ನಾಲ್ಕು ವರ್ಷದ ಕೆಲಸ ಇನ್ನೊಬ್ಬರ ಮೇಜಿಗೆ ಹೋಗುತ್ತದೆ.

"ಯಾರನ್ನ ಕರೀಲಿ ಅಮ್ಮ? ನಂಗೆ ಇಲ್ಲಿ ಯಾರೂ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಸರ್ಕಾರ ನನ್ನನ್ನು ಈ ಮೂರೂ ತಾಲ್ಲೂಕುಗಳಲ್ಲಿ ಓಡಾಡಿಸಿದೆ. ಎಲ್ಲ ಊರಲ್ಲೂ ನನ್ನ ಹಳೆಯ ಮಕ್ಕಳ ತಾಯಂದಿರಿದ್ದರು. ಎರಡು ದಿನ ಫೋನು ಮಾಡಿದೆ. "ವಿಜಯಾ ಟೀಚರ್ ಕರೆದರೆ ಬರದೇ ಇರ್ತೀವಾ?" ಎಂದರು ಎಲ್ಲರೂ. ನನ್ನ ಎದೆ ಒಂದು ಅಂಗುಲ ಉಬ್ಬಿತು ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲ ದಿನ ಮೇಗರವಳ್ಳಿ ಕಡೆಯ ಒಂದು ಸಮುದಾಯ ಭವನ. ಪರೀಕ್ಷೆಯ ಕ್ರಮ ಹೀಗೆ: ಒಳಗಿನ ಕೋಣೆಯಲ್ಲಿ ಜಿನಶ್ರೀ ಹತ್ತು ಪದ ಓದುತ್ತಾಳೆ, ಮೂರು ಸಲ. ಹೆಂಗಸು ಹೊರಗೆ ಬಂದು ಇಪ್ಪತ್ತು ನಿಮಿಷ ಕೂರುತ್ತಾಳೆ. ಆಮೇಲೆ ಒಳಗೆ ಹೋಗಿ ನೆನಪಿದ್ದಷ್ಟು ಪದ ಹೇಳುತ್ತಾಳೆ.

"ಆ ಇಪ್ಪತ್ತು ನಿಮಿಷ ನಿನ್ನ ಕೆಲಸ" ಎಂದಳು ಮಗಳು. "ಬೇರೆ ಏನಾದ್ರೂ ಮಾತಾಡಿಸ್ತಾ ಇರು. ಮದುವೆ, ಮುಂಜಿ, ಏನಾದ್ರೂ. ಪದದ ಸುದ್ದಿ ಮಾತ್ರ ಬೇಡ."

"ನಂಗೆ ಮಾತಾಡೋದು ಹೇಳಿಕೊಡಬೇಕಾ?" ಎಂದೆ.

ಮೊದಲು ಒಳಗೆ ಹೋದವಳು ಹೂವಮ್ಮ. ಹೊರಗೆ ಬಂದಳು, ನನ್ನ ಹತ್ತಿರ ಕೂತು ಮೊಮ್ಮಗನ ಸುದ್ದಿ ಹೇಳಿದಳು, ಮತ್ತೆ ಒಳಗೆ ಹೋದಳು. ಎರಡನೇ ಸಲ ಹೊರಗೆ ಬಂದಾಗ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನಾಲ್ಕೇ ಬಂದ್ವು ಟೀಚರೇ."

"ನಾಲ್ಕು ಸಾಕು ಬಿಡೇ."

"ಹತ್ತಕ್ಕೆ ನಾಲ್ಕು ಅಂದ್ರೆ ಸಾಕಾ? ನೀವೇ ಮಕ್ಕಳಿಗೆ ಹತ್ತಕ್ಕೆ ನಾಲ್ಕು ಬಂದ್ರೆ ಕಿವಿ ಹಿಂಡ್ತಿದ್ರಲ್ಲ." ದನಿ ತಗ್ಗಿಸಿದಳು. "ಸೊಸೆ ಈಗಲೇ ಹೇಳ್ತಾಳೆ, ಅತ್ತೆಗೆ ಅರಳು ಮರಳು, ಉಪ್ಪು ಎರಡು ಸಲ ಹಾಕ್ತಾರೆ ಅಂತ. ಈಗ ಡಾಕ್ಟ್ರಮ್ಮನೇ ಬರೆದುಕೊಂಡ್ರು. ಇನ್ನು ನನ್ನ ಕೈಗೆ ಒಲೆ ಕೊಡ್ತಾಳಾ ಅವಳು?"

ನನಗೆ ಭಯವಾಯಿತು. ಅವಳ ಸೊಸೆಯ ಮಾತಿಗಲ್ಲ. ಆ ವಾರವಷ್ಟೇ ನಾನು ಫ್ರಿಜ್ಜಿನ ಬಾಗಿಲು ತೆರೆದು ಏನು ತೆಗೆಯಲು ಬಂದೆನೆಂದು ತಿಳಿಯದೆ ನಿಂತಿದ್ದೆ. ಅದು ಕುಂಯ್ ಎಂದು ಕೂಗತೊಡಗಿದಾಗ ಮೊಸರು ತೆಗೆದುಕೊಂಡು ಬಂದೆ. ಮೊಸರು ಬೇಕಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಿದುಳನ್ನೇ ಓದುವ ಮಗಳಿಗಂತೂ ಹೇಳಿರಲೇ ಇಲ್ಲ.

ಎರಡನೆಯವಳು ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದಾಗ ನನ್ನ ಬಾಯಿ ತಾನಾಗಿಯೇ ಕೇಳಿತು: "ಎಂತೆಂತ ಪದ ಹೇಳಿದ್ಳು?" ಅವಳಿಗೆ ಐದು ನೆನಪಿತ್ತು. ಮೂರನೆಯವಳಿಂದ ಉಳಿದದ್ದು ಸಿಕ್ಕಿತು. ಪಟ್ಟಿ ಎಲ್ಲರಿಗೂ ಒಂದೇ ಎಂದು ಗೊತ್ತಾಯಿತು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಏಳನೇ ತರಗತಿಯ ಒಂದು ಮಗುವೂ ನಪಾಸಾಗಿಲ್ಲ. ಮಗಳಿಗೆ ಆರೋಗ್ಯವಂತ ಹೆಂಗಸರು ಬೇಕು, ಆರೋಗ್ಯವಂತರೆಂದರೆ ಚೆನ್ನಾಗಿ ಹೇಳಬೇಕು, ಚೆನ್ನಾಗಿ ಹೇಳಿದರೆ ಅವಳ ಫೆಲೋಶಿಪ್ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನಾಲ್ಕನೆಯವಳಿಂದ ನಾನು ಪಾಠ ಶುರು ಮಾಡಿದೆ. ಆರತಿ ಹಾಡಿನ ಧಾಟಿ ಎಲ್ಲ ಹೆಂಗಸರಿಗೂ ಬರುತ್ತದೆ. ಅದಕ್ಕೆ ಕೂರಿಸಿದೆ:

ಕುದುರೆಗೆ ಚೆಂದದ ಕಂಬಳಿ ಹೊದಿಸಿ
ಗಿಳಿಯನು ಕೂರಿಸಿ ಗಂಟೆಯ ಬಾರಿಸಿ
ಏಣಿಯ ಹತ್ತಿ ತೋರಣ ಕಟ್ಟಿ
ಬೀಗವ ತೆಗೆದು ಬೆಲ್ಲವ ಹಂಚಿ
ಚಾಪೆಯ ಹಾಸಿ ಮುತ್ತನು ಚೆಲ್ಲಿ
ಕಡಲಿಗೆ ಬೆಳಗಿರೆ ಆರತಿಯ

ಮೆಲ್ಲಗೆ, ತುಟಿಯಲ್ಲೇ. ಏಳು ಜನರೂ ಹತ್ತಕ್ಕೆ ಹತ್ತು.

ಎರಡನೇ ದಿನ ಹೊಸನಗರದಲ್ಲಿ, ಮಹಿಳಾ ಸಂಘದ ಕೋಣೆಯಲ್ಲಿ, ಹತ್ತೂ ಜನ ಹತ್ತಕ್ಕೆ ಹತ್ತು. ಒಬ್ಬೊಬ್ಬರು ಹೊರಗೆ ಬರುವಾಗ ರ‍್ಯಾಂಕ್ ಬಂದವರ ಹಾಗೆ ಬರುತ್ತಿದ್ದರು. ಮಧ್ಯಾಹ್ನ ಜಿನಶ್ರೀ ಅಂಗಳದ ತುದಿಗೆ ಹೋಗಿ, ಸಿಗ್ನಲ್ ಸಿಗುವ ಒಂದು ಕಲ್ಲಿನ ಮೇಲೆ ನಿಂತು ಬೆಂಗಳೂರಿನ ಮೇಡಂಗೆ ಫೋನು ಮಾಡಿದಳು. ಮೇಡಂ ಎಂದರೆ ಅವಳ ಲ್ಯಾಬಿನ ಮುಖ್ಯಸ್ಥೆ. ಫೋನು ಇಟ್ಟು ಓಡಿ ಬಂದಳು.

"ಅಮ್ಮ, ಮೇಡಂ ಕುಣಿದುಬಿಟ್ರು! ಈ ವಯಸ್ಸಿಗೆ ಹತ್ತಕ್ಕೆ ಹತ್ತು ಎಲ್ಲೂ ಇಲ್ವಂತೆ. ಇವರೆಲ್ಲ ಏನು ತಿಂತಾರೆ ಕೇಳು ಅಂದ್ರು."

ಕೇಳಿದಳು. ಮೊದಲು ಕೇಳಿದ್ದು ನನ್ನ ಹಳೆಯ ವಿದ್ಯಾರ್ಥಿ ನಾಗೇಂದ್ರನ ತಾಯಿಯನ್ನು. ಆಕೆ ಬೆಳಿಗ್ಗೆ ತಿಂದದ್ದು ಬೇಕರಿಯ ಬನ್ನು; ತಿನ್ನುವಾಗ ನಾನೇ ನೋಡಿದ್ದೆ. ಆದರೆ ಬಿಳಿ ಕೋಟು ಹಾಕಿದವರ ಮುಂದೆ ಬನ್ನು ಎನ್ನಲು ಆಗುತ್ತದೆಯೇ? "ಒಂದೆಲಗದ ತಂಬುಳಿ" ಎಂದಳು ಗಂಭೀರವಾಗಿ. ನೆನಪಿನ ಶಕ್ತಿಗೆ ಒಂದೆಲಗ ಎಂದು ಹುಟ್ಟಿದ ಮಗುವಿಗೂ ಗೊತ್ತಿರುವ ಊರು ನಮ್ಮದು. ಎರಡನೆಯವಳು "ನಾನೂ ಒಂದೆಲಗವೇ" ಎಂದಳು. ಮೂರನೆಯವಳು ದಿನಾ ಎರಡು ಹೊತ್ತು. ನಾಲ್ಕನೆಯವಳು ಹುಟ್ಟಿದಾಗಿನಿಂದ. ಸಂಜೆಯ ಹೊತ್ತಿಗೆ ಮೇಡಂ ಒಂದೆಲಗದ ಮೇಲೆ ಬೇರೆಯೇ ಒಂದು ಯೋಜನೆ ಬರೆಯಲು ಕೂತಿದ್ದರಂತೆ.

ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ. ಆ ದಿನವೂ ಹೊಸನಗರದಿಂದ ಓಡೋಡಿ ಬಂದು ಆರೂಕಾಲಿಗೆ ತಟ್ಟೆಯ ಮುಂದೆ ಕೂತಿದ್ದೆವು. ತೃಪ್ತಿ ಬೇಗ ತಿಂದು ಐಸ್ ಪೆಟ್ಟಿಗೆ ನೋಡಲು ಹೋಗಿದ್ದಳು. ಜಿನಶ್ರೀ ಎಡಗೈಯಲ್ಲಿ ಕಾಗದ ತಿರುವುತ್ತ ಅನ್ನ ಕಲೆಸುತ್ತಿದ್ದಳು. ಕೈ ನಿಂತಿತು.

"ಅಮ್ಮ, ಒಂದು ವಿಚಿತ್ರ ಇದೆ."

"ಎಂತ?"

"ನನ್ನ ಪಟ್ಟಿ ಶುರುವಾಗೋದು ಬೆಲ್ಲದಿಂದ. ಇವರೆಲ್ಲ ಕುದುರೆಯಿಂದ ಶುರು ಮಾಡಿದ್ದಾರೆ. ಹದಿನೇಳು ಜನ. ಒಬ್ಬರೂ ಅನುಕ್ರಮ ತಪ್ಪಿಲ್ಲ."

ನಾನು ಸಾರು ಬಡಿಸಿದೆ.

"ಮತ್ತೆ ಇದು ನೋಡು. ಏಣಿ ಆದ್ಮೇಲೆ ಎಲ್ಲರೂ ತೋರಣ ಅಂತಾರೆ. ನನ್ನ ಪಟ್ಟಿಯಲ್ಲಿ ತೋರಣವೇ ಇಲ್ಲ. ಒಬ್ಬರಿಗೆ ಹಾಗೆ ತಪ್ಪು ನೆನಪು ಬರಬಹುದು. ಹದಿನೇಳು ಮಿದುಳಿಗೆ ಒಂದೇ ತಪ್ಪು ನೆನಪು ಹೇಗೆ ಬರುತ್ತೆ? ಮೇಡಂಗೆ ಹೇಳಿದ್ರೆ ಇದರ ಮೇಲೂ ಒಂದು ಪೇಪರ್ ಅಂತಾರೆ."

ತೋರಣ ನಾನು ಧಾಟಿ ತುಂಬಲು ಹಾಕಿದ್ದು. ಏಣಿಯ ಹತ್ತಿ ಅಲ್ಲಿ ಸುಮ್ಮನೆ ನಿಲ್ಲಲಾಗುತ್ತದೆಯೇ? ಏನಾದರೂ ಕಟ್ಟಬೇಕಲ್ಲ.

ಸುಮ್ಮನಿರಬಹುದಿತ್ತು. ಮಗಳು ಮುಗ್ಧೆ, ನನ್ನನ್ನು ಸಂಶಯಿಸುತ್ತಿರಲಿಲ್ಲ. ಇನ್ನು ಹತ್ತೇ ಜನ, ಸಾಗರದವರು. ಮೂವತ್ತು ಆಗುತ್ತಿತ್ತು, ಫೆಲೋಶಿಪ್ ಉಳಿಯುತ್ತಿತ್ತು. ಆದರೆ ಒಂದೆಲಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾಳೆ ಯಾರೋ ಮರೆವಿನ ಕಾಯಿಲೆಯ ಮುದುಕಿಯ ಅಂಕಿಯನ್ನು ನನ್ನ ಹಾಡಿನ ಪಕ್ಕ ಇಟ್ಟು ನೋಡಿ ಔಷಧ ಬರೆಯುತ್ತಾರೆ.

ನಾನು ಹಾಡಿದೆ. ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಹಾಡಿದೆ. ಮೊದಲ ಸಾಲಿಗೆ ಜಿನಶ್ರೀ ನಕ್ಕಳು. ಗಿಳಿ ಕೂತಾಗ ನಗು ನಿಂತಿತು. ತೋರಣ ಕಟ್ಟುವಾಗ ಅವಳು ತಟ್ಟೆಯಿಂದ ಕೈ ತೆಗೆದಿದ್ದಳು.

"ಅಮ್ಮಾ" ಎಂದಳು. "ನೀನು ಪ್ರಶ್ನೆಪತ್ರಿಕೆ ಔಟ್ ಮಾಡಿದ್ದೀಯ."

ಒಬ್ಬ ಟೀಚರಿಗೆ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೂ ಇಣುಕಿ ನೋಡಿದವಳು ನಾನು.

"ಅವರು ನಪಾಸಾಗ್ತಿದ್ರು ಕಣೇ."

"ಇದರಲ್ಲಿ ನಪಾಸು ಅಂತ ಇಲ್ಲ ಅಮ್ಮ! ನಾಲ್ಕು ಬಂದ್ರೆ ನಾಲ್ಕು ಬೇಕು ನಂಗೆ. ಅರವತ್ತು ವರ್ಷದ ಆರೋಗ್ಯವಂತ ಹೆಂಗಸು ಎಷ್ಟು ಮರೀತಾಳೆ ಅನ್ನೋದೇ ನನ್ನ ಪ್ರಶ್ನೆ. ಅವರು ಮರೆತದ್ದೇ ನಂಗೆ ಉತ್ತರ. ನೀನು ಅದನ್ನ ಒರೆಸಿಬಿಟ್ಟೆ."

ಸೂರ್ಯ ಮುಳುಗಿದ. ಅವಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು. ಇನ್ನು ತಿನ್ನುವ ಹಾಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಮೇಡಂಗೆ ಹೇಳಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಈ ಕಡೆಯ ಮಾತು ಮಾತ್ರ ಕೇಳುತ್ತಿತ್ತು. "ಇಲ್ಲ ಮೇಡಂ, ಒಂದೆಲಗ ಅಲ್ಲ... ನನ್ನ ತಾಯಿ... ಹಾಡು ಮೇಡಂ... ಆರತಿ ಹಾಡು." ಕೊನೆಗೆ ಹೊರಬಂದು ಹೇಳಿದಳು: ರಕ್ತ ಕೆಟ್ಟಿಲ್ಲ, ಅದು ನಡೆಯುತ್ತದೆ. ಪದಗಳದು ಇನ್ನೊಂದು ಪಟ್ಟಿ ಇದೆ. ಸಾಗರದ ಹತ್ತು ಜನರನ್ನೂ, ಹಿಂದಿನ ಇಪ್ಪತ್ತು ಜನರನ್ನೂ ಆ ಪಟ್ಟಿಯಲ್ಲಿ ಕೂರಿಸಬೇಕು. ಉಳಿದಿರುವುದು ಆರು ದಿನ.

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಮಹಡಿಯ ಮೇಲೆ ಜಾಗ ಸಿಕ್ಕಿತ್ತು. ಮೆಟ್ಟಿಲು ಹತ್ತುತ್ತಿದ್ದ ಹಾಗೇ ನನ್ನ ಕಾಲು ನಿಂತಿತು. ಮೇಲಿನಿಂದ ಹತ್ತು ದನಿ ಒಟ್ಟಿಗೆ ಬರುತ್ತಿದ್ದವು: ಏಣಿಯ ಹತ್ತಿ ತೋರಣ ಕಟ್ಟಿ. ಹೊಸನಗರದವರು ವಾಟ್ಸಾಪಿನಲ್ಲಿ ಕಳಿಸಿದ್ದರು. ಹಿಂದೆ ಒಬ್ಬಳು ತಾಳವನ್ನೂ ತಟ್ಟುತ್ತಿದ್ದಳು. ಮಗಳು ನನ್ನ ಮುಖ ನೋಡಲಿಲ್ಲ. ಅದು ನೋಡಿದ್ದಕ್ಕಿಂತ ಜೋರಾಗಿತ್ತು.

"ಈ ಹಾಡು ಇವತ್ತು ಬರೋದಿಲ್ಲ" ಎಂದೆ. "ಬೇರೆ ಪದ."

ಮಹಡಿಯಲ್ಲಿ ಪರೀಕ್ಷೆ ಮುಂದೂಡಿದ ದಿನ ಶಾಲೆಯಲ್ಲಿರುವಂಥ ಗದ್ದಲ. ಮುಂದೆ ಕೂತವರು ಸುಬ್ಬಲಕ್ಷ್ಮಮ್ಮ, ಎಪ್ಪತ್ತೊಂದು ವರ್ಷ, ಕಿವಿಯಲ್ಲಿ ಹಳೆಯ ಕಾಲದ ಬೆಂಡೋಲೆ. ಅವರ ಮಗ ನನ್ನ ಕೈಯಲ್ಲೇ ಅಕ್ಷರ ಕಲಿತವನು.

"ಎಂತಕ್ಕೆ ಟೀಚರೇ? ಎಂಗೊ ಎಲ್ಲ ಹಾಡು ಕಲ್ತ್ಗಂಡೇ ಬೈಂದ್ಯ. ನಿನ್ನೆಯಿಂದ ಬಾಯಿಪಾಠ ಮಾಡಿದ್ದು ನೀರಲ್ಲಿ ಹೋಮ ಆತು" ಎಂದರು ತಮ್ಮ ಹವ್ಯಕ ಮಾತಿನಲ್ಲಿ.

"ಬಾಯಿಪಾಠ ಬೇಡ. ಮರೆತರೂ ಪರವಾಗಿಲ್ಲ. ಮರೀಲೇಬೇಕು ಸ್ವಲ್ಪ."

ಯಾರೂ ನಂಬಲಿಲ್ಲ. ಹಿಂದಿನಿಂದ ಒಬ್ಬಳು, "ಮಗ್ಗಿ ಮರೆತದ್ದಕ್ಕೆ ನನ್ನ ಮಗಳು ಶಿಲ್ಪಶ್ರೀನ ಬೆಂಚಿನ ಮೇಲೆ ನಿಲ್ಲಿಸಿದ್ದು ಇವ್ರೇ ಅಲ್ದಾ?" ಎಂದಳು. ಎಲ್ಲರೂ ನಕ್ಕರು, ಆದರೆ ಯಾರೂ ಏಳಲಿಲ್ಲ. ಒಬ್ಬಳು ಹಾಲು ಅಳೆಯುವ ಹೊತ್ತಾಯಿತೆಂದು ಚೀಲ ತೆಗೆದುಕೊಂಡಳು. ಬೆಳಗಿನ ಹನ್ನೊಂದಕ್ಕೆ ಯಾವ ಹಾಲು? ಇನ್ನೊಬ್ಬಳಿಗೆ ಇದ್ದಕ್ಕಿದ್ದಂತೆ ತಲೆನೋವು ಬಂತು. ಜಿನಶ್ರೀ ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದಳು. ಹತ್ತು ಜನ ಮೆಟ್ಟಿಲಿಳಿದು ಹೋದರೆ ಅವಳ ನಾಲ್ಕು ವರ್ಷವೂ ಹಿಂದೆಯೇ ಇಳಿದು ಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ.

"ಜಿನೀ, ನನ್ನನ್ನ ಕೂರಿಸು" ಎಂದೆ.

"ನೀನು ಲೆಕ್ಕಕ್ಕೆ ಬರೋದಿಲ್ಲ ಅಮ್ಮ. ಮನೆಯವರನ್ನ ಸೇರಿಸೋ ಹಾಗಿಲ್ಲ."

"ಲೆಕ್ಕಕ್ಕೆ ಬೇಡ. ಹಳೇ ಪಟ್ಟಿ ಬೇಡ, ಹೊಸದೂ ಬೇಡ, ಈಗ ನಿನ್ನ ಮನಸ್ಸಿಗೆ ಬಂದ ಹತ್ತು ಪದ ಹೇಳು. ಇಲ್ಲೇ, ಇವರ ಮುಂದೆ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಮೊಸರಿನ ಸುದ್ದಿ ಅವಳಿಗೆ ಗೊತ್ತಿರಬಹುದೇ ಎಂದು ನನಗೆ ಆಗ ಅನ್ನಿಸಿತು. ಕುರ್ಚಿ ಎಳೆದು ಕೂರಿಸಿದಳು. ಓದಿದಳು. ಇಪ್ಪತ್ತು ನಿಮಿಷ ಹೆಂಗಸರೇ ನನ್ನನ್ನು ಮಾತಾಡಿಸಿದರು, ಬಹಳ ಶ್ರದ್ಧೆಯಿಂದ, ಒಂದು ಪದವನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳಲು ಬಿಡದ ಹಾಗೆ. ಸುಬ್ಬಲಕ್ಷ್ಮಮ್ಮ ಅವರ ಹಸು ಗೊರಸು ಒಡೆದುಕೊಂಡ ಕತೆಯನ್ನು ಎರಡು ಸಲ ಹೇಳಿದರು.

"ಈಗ ಹೇಳಿ ಟೀಚರ್" ಎಂದಳು ನನ್ನ ಮಗಳು. ಜೀವನದಲ್ಲಿ ಮೊದಲ ಸಲ ನನ್ನನ್ನು ಟೀಚರ್ ಎಂದಳು.

"ಕೊಡೆ" ಎಂದೆ. "ನವಿಲು. ಸೂಜಿ." ನಿಂತೆ. ಹತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ನನ್ನ ತರಗತಿಯಲ್ಲಿ ಎದ್ದು ನಿಂತು ಚಾವಣಿ ನೋಡುತ್ತಿದ್ದ ಮಕ್ಕಳ ಕಣ್ಣೆಲ್ಲ ನನಗೆ ನೆನಪಾಯಿತು; ಪದ ಮಾತ್ರ ನೆನಪಾಗಲಿಲ್ಲ. "ಕೆರೆ" ಎಂದೆ. ಬೆವರಿದೆ. "ಗೊರಸು."

ಡೈರಿಯ ಮಹಡಿ ಹಾರಿಹೋಗುವ ಹಾಗೆ ನಕ್ಕರು. ಗೊರಸು ಪಟ್ಟಿಯಲ್ಲಿ ಇರಲಿಲ್ಲ, ಅದು ಸುಬ್ಬಲಕ್ಷ್ಮಮ್ಮನ ಹಸುವಿನದು.

"ನಾಲ್ಕು" ಎಂದು ಜಿನಶ್ರೀ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇವರಿಗೆ ಅರವತ್ತೊಂದು. ಆರೋಗ್ಯವಾಗಿದ್ದಾರೆ. ಅದಕ್ಕೇ ಇಷ್ಟು ಹಟ."

ಸುಬ್ಬಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಎದ್ದರು. "ಟೀಚರಿಗೇ ನಾಲ್ಕು ಅಂದ್ರೆ ನಂಗೆ ಮೂರು ಬಂದ್ರೂ ಮರ್ಯಾದೆ ಹೋಗ್ತಿಲ್ಲೆ. ನಡಿ ತಂಗಿ, ಎಂತ ಕೇಳ್ತೆ ಕೇಳು." ಅವರ ಹಿಂದೆ ತಲೆನೋವಿನವಳು. ಹಾಲು ಅಳೆಯುವವಳು ಚೀಲ ಕೆಳಗಿಟ್ಟಳು.

ಆಮೇಲಿನ ಐದು ದಿನ ನಾನು ಕಾರಿನಲ್ಲೇ ಕೂತಿದ್ದೆ. ಅದು ಮೇಡಂ ಹಾಕಿದ ಷರತ್ತು: ತಾಯಿ ಡ್ರೈವ್ ಮಾಡಬಹುದು, ಕಟ್ಟಡದೊಳಗೆ ಬರುವ ಹಾಗಿಲ್ಲ. ಕಿಟಕಿ ಏರಿಸಿಕೊಂಡು, ಬಿಸಿಲಲ್ಲಿ ಬೇಯುತ್ತ, ಹೊಸನಗರದವರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡಿದೆ. ಬನ್ನು ತಿಂದ ನಾಗೇಂದ್ರನ ತಾಯಿ ಎರಡನೇ ಸಲ ಬರಲೇ ಇಲ್ಲ; ಒಂದೆಲಗದ ಮರ್ಯಾದೆ ಉಳಿಸಿಕೊಂಡಳು. ಇನ್ನೊಬ್ಬರು ಮಗಳ ಮನೆಗೆ ಶಿವಮೊಗ್ಗಕ್ಕೆ ಹೋಗಿದ್ದರು. ಮಾರ್ಚ್ ಮೂವತ್ತೊಂದಕ್ಕೆ ಇಪ್ಪತ್ತೆಂಟು ಆಯಿತು.

ವರದಿಯಲ್ಲಿ ಒಂದು ಕಾಲಂ ಇತ್ತಂತೆ, ಕ್ರಮ ತಪ್ಪಿದ್ದರೆ ಕಾರಣ ಬರೆಯಲು. "ಸ್ಥಳೀಯ ಸಹಾಯಕರ ಅತಿಯಾದ ಉತ್ಸಾಹ ಅಂತ ಹಾಕಿದ್ದೀನಿ" ಎಂದಳು ಮಗಳು. ನನ್ನ ಹೆಸರು ಹಾಕು ಎಂದೆ. ಬೇಡ ಅಮ್ಮ ಎಂದಳು. ಹಾಕಿಸಿದೆ. ಅವಳು ಇನ್ನೊಂದು ವರ್ಷದ ಫೆಲೋಶಿಪ್ ಕೇಳಿದ್ದಕ್ಕೆ ಮೇಡಂ ಆರು ತಿಂಗಳು ಕೊಟ್ಟರು, ಸೆಪ್ಟೆಂಬರಿನೊಳಗೆ ಇನ್ನೂ ಹನ್ನೆರಡು ಜನರನ್ನು ಸೇರಿಸಬೇಕೆಂದು. ಆರು ತಿಂಗಳು ಸಿಕ್ಕಿದ ಸಂಜೆ ಜಿನಶ್ರೀ ಎರಡು ಸಲ ಅನ್ನ ಹಾಕಿಸಿಕೊಂಡಳು, ಬಿಸಿಲಿರುವಾಗಲೇ.

ಮೇ ತಿಂಗಳಲ್ಲಿ ಮತ್ತೆ ಮೇಗರವಳ್ಳಿಗೆ ಹೋದೆವು. ನಾನು ಭವನದ ಎದುರು ಕಾರಿನಲ್ಲಿ ಕೂತು ನಿಂಬೆಹಣ್ಣಿನ ಪೆಪ್ಪರ್‌ಮಿಂಟ್ ಚೀಪುತ್ತಿದ್ದೆ. ಯಾರೋ ಗಾಜು ತಟ್ಟಿದರು. ಹೊಸಬಳು, ಹಣೆಯ ತುಂಬ ಕುಂಕುಮ.

"ವಿಜಯಾ ಟೀಚರ್ ಅಂದ್ರೆ ನೀವೇ ಅಲ್ದಾ? ನಂಗೆ ಆರು ಬಂತು! ನಿಮ್ಗಿಂತ ಎರಡು ಜಾಸ್ತಿ ಅಂತೆ."

"ಹೌದಾ ಮಾರಾಯ್ತಿ" ಎಂದೆ. ಗಾಜು ಇಳಿಸಿ ಅವಳಿಗೂ ಒಂದು ಪೆಪ್ಪರ್‌ಮಿಂಟ್ ಕೊಟ್ಟೆ. ಯಾವ ಆರು ಪದ ಎಂದು ಕೇಳಲಿಲ್ಲ.